ಒತ್ತು ತಡವಾಗಿ ಬಂತು

ಮಂಡಿಪೇಟೆಯ ಹಿಂದಿನ ಗಲ್ಲಿ, ಮೊದಲ ಮಹಡಿ.
ಕೆಳಗೆ ಬೆಲ್ಲದ ಅಂಗಡಿ, ನೊಣಗಳೂ ಮೆಟ್ಟಿಲು ಹತ್ತಿ ಬರುತ್ತವೆ.
ಶಾಂತವೀರಯ್ಯನವರ ಪ್ರೆಸ್ಸಿನಲ್ಲಿ ಹದಿನಾರು ವರ್ಷದಿಂದ
ಮದುವೆ, ಗೃಹಪ್ರವೇಶ, ಬೋರ್‌ವೆಲ್ ಲಾರಿಯ ಪಾಂಪ್ಲೆಟ್ಟು,
ಹೆಚ್ಚಾಗಿ ತಿಥಿ ಕಾರ್ಡು
ನನ್ನ ಬೆರಳಿಂದಲೇ ಹೋಗಿವೆ.

ನಮ್ಮ ಅಕ್ಷರಗಳು ಹಳೆಯವು.
ಅವು ಕನ್ನಡವೆಂದೇ ಹೊಸ ಕಂಪ್ಯೂಟರಿಗೆ ಗೊತ್ತಿಲ್ಲ,
ಕೊಕ್ಕೆ, ಚುಕ್ಕೆ, ತಲೆಕೆಳಗಾದ ಪ್ರಶ್ನೆ ಎಂದು ತೋರಿಸುತ್ತದೆ.
ಅದಕ್ಕೇ ಹೊಸದರ ಹೊಟ್ಟೆಯೊಳಗೆ
ಹಳೇ ಕಂಪ್ಯೂಟರೊಂದನ್ನು ಇಟ್ಟು ಸಾಕಿದ್ದೇವೆ:
ಕಿಟಕಿಯೊಳಗೊಂದು ಕಿಟಕಿ, ಅದರಲ್ಲಿ ಹಸಿರು ದಿಬ್ಬ, ನೀಲಿ ಆಕಾಶ,
ಅಲ್ಲಿನ್ನೂ ಎರಡು ಸಾವಿರದ ಆರನೇ ಇಸವಿ.
‘ಗೆಸ್ಟು’ ಎನ್ನುತ್ತಾನೆ ಸರ್ವೀಸಿನ ಹುಡುಗ ಮುಬಾರಕ್.
ನಾನು ಅತಿಥಿ ಎಂದುಕೊಂಡೆ:
ತಿಥಿ ಇಲ್ಲದವನು,
ದಿನ ಮುಗಿದರೂ ಎದ್ದು ಹೋಗದವನು.

ಶನಿವಾರ ಬಂದು ‘ಅಕ್ಕಾ, ಹೊಸ ವರ್ಷನ್ನು, ಹಾಕ್ಬಿಡ್ತೀನಿ’ ಅಂದ.
ಹಾಕಿದ. ಟೀ ಕುಡಿದ. ಹೋದ.
ಸೋಮವಾರದಿಂದ ಅತಿಥಿಗೆ ಉಸಿರು ಕಟ್ಟಿದೆ.
ಕೀಲಿ ಒತ್ತಿ ನೀರು ಕುಡಿದು ಬಂದರೆ ಅಕ್ಷರ.
ಮೌಸ್ ಎಳೆದರೆ ಬಾಣ
ಸಂತೆಯಲ್ಲಿ ಕೊಂಡ ಕುರಿಯ ಹಾಗೆ, ಬರಲೋ ಬೇಡವೋ ಎಂದು ಬರುತ್ತದೆ.
ಫ್ಯಾನು ಮಾತ್ರ, ಹೊರಗಿನದರ ಫ್ಯಾನು,
ರಾಗಿ ಮಿಲ್ಲಿನಂತೆ ಓಡುತ್ತಿದೆ, ಹಿಟ್ಟಿಲ್ಲ.

ಅಂಥ ಮಂಗಳವಾರ ಬುಕ್ಕಾಪಟ್ಟಣದ ಕಡೆಯಿಂದ ಇಬ್ಬರು,
ಅಣ್ಣ, ತಂಗಿ. ಅಪ್ಪ ತೀರಿ ನಾಲ್ಕು ದಿನ.
ಮುನ್ನೂರು ಕಾರ್ಡು, ಸಂಜೆ ಬಸ್ಸಿಗೆ ಬೇಕು.
ಚಿತ್ತಯ್ಯ ಎಂದು ಹೊಡೆದೆ.
ಚಿತಯ ಎಂದು ನಿಂತಿತು ಪರದೆ.
ಒತ್ತುಗಳು ಎಲ್ಲೋ ದಾರಿಯಲ್ಲಿದ್ದವು.
ಅಣ್ಣ ಬಗ್ಗಿ ಓದಿದ, ಮುಖ ಗಂಟಾಯಿತು:
‘ಚಿತೆ ಗಿತೆ ಬ್ಯಾಡ ಕಣವ್ವಾ, ನಮ್ಮಲ್ಲಿ ಹೂಳಾದು.’
ನಗಬಾರದಿತ್ತು. ನಕ್ಕೆ.
ತಂಗಿಯೂ ನಕ್ಕಳು, ಸೆರಗು ಬಾಯಿಗಿಟ್ಟು.
ಆಗ ತದ ಒತ್ತು ಬಂತು; ಯದ್ದು ಇನ್ನೂ ತಡ.

‘ದುಃಖತಪ್ತರು’ ಎಂಬಲ್ಲಿ ಪೂರ್ತಿ ನಿಂತೇ ಹೋಯಿತು.
ಮರಳು ಗಡಿಯಾರ. ತಲೆಕೆಳಗು. ಮತ್ತೆ ತಲೆಕೆಳಗು.
ಮೊದಲಾಗಿದ್ದರೆ ಏಳು ನಿಮಿಷದ ಕೆಲಸ,
ಯಾರ ಮುಖ ಯಾರೂ ನೋಡದೆ ದುಡ್ಡು ಎಣಿಸಿ ಇಳಿಯುತ್ತಿದ್ದರು.
ಈಗ ನೋಡಲು ಇದ್ದದ್ದು ಗೋಡೆ,
ಗೋಡೆಗೆ ಅಂಟಿಸಿದ ನಮೂನೆ ಕಾರ್ಡು, ಯಾರದೋ ಮನೆಯ ಹೆಸರುಗಳು.
ತಂಗಿ ಅವನ್ನೇ ಓದುತ್ತಿದ್ದಳು.
ಓದಿ ಓದಿ, ನನಗೋ ಗೋಡೆಗೋ ತಿಳಿಯದಂತೆ,
‘ಈರಕ್ಕನ್ ಹೆಸ್ರೂ ಹಾಕವ್ವಾ’ ಅಂದಳು.

ಈರಕ್ಕ ಯಾರು ಎಂದು ನಾನು ಕೇಳಲಿಲ್ಲ.
ಬರೆದು ತಂದ ಚೀಟಿಯಲ್ಲಿ ಹದಿನೊಂದು ಹೆಸರು,
ಆ ಹೆಸರಿಲ್ಲ.
ಮರಳು ತಿರುಗಿತು.
‘ಅಪ್ಪನೇ ಹಾಕುಸ್ತಿರ್ಲಿಲ್ಲ’ ಅಂದ ಅಣ್ಣ, ಕೊನೆಗೆ.
‘ಅಪ್ಪ ಕಾರ್ಡ್ ಓದಾಕ್ ಬತ್ತಾನಾ?’
ಅವನು ಬೀಡಿಗೆಂದು ಕೆಳಗಿಳಿದ,
ಬೇಡ ಎನ್ನದೆ.

ಪರದೆ ಎಚ್ಚೆತ್ತಿತು. ಹೊಡೆದೆ.
ಈ.
ರ.
ಕ.
ಒಂದು ಒತ್ತಿಗಾಗಿ ಇಬ್ಬರೂ ಬಗ್ಗಿ ಕಾದೆವು,
ಅವಳ ಉಸಿರು ನನ್ನ ಭುಜದ ಮೇಲೆ,
ಎಲೆಅಡಿಕೆಯ ವಾಸನೆ.
ಕೆಳಗೆ ಬೆಲ್ಲ ತೂಗುವವನು ಹನ್ನೆರಡು, ಹದಿಮೂರು ಎಂದು ಕೂಗುತ್ತಿದ್ದ.

ಗುರುವಾರ ಮುಬಾರಕ್ ಬಂದು ತಲೆ ಕೆರೆದ:
ಹೊಸ ವರ್ಷನ್ನು ಅತಿಥಿಯ ಮೆಮೊರಿಯನ್ನು
ಯಾರನ್ನೂ ಕೇಳದೆ ಅರ್ಧಕ್ಕಿಳಿಸಿತ್ತಂತೆ.
ವಾಪಸ್ಸು ಕೊಡಿಸಿದ.
ಈಗ ಬೆರಳಿಗಿಂತ ಮುಂದೆ ಅಕ್ಷರ,
ಮಂದಿ ಬರುತ್ತಾರೆ, ಎಣಿಸುತ್ತಾರೆ, ಇಳಿಯುತ್ತಾರೆ.

ಆ ದಿನ ಅವಸರಕ್ಕೆ ತೆಗೆದ ಮೊದಲ ಪ್ರೂಫು
ನನ್ನ ಕೀಬೋರ್ಡಿನ ಅಡಿ ಉಳಿದಿದೆ.
ಅದರಲ್ಲಿ ಈರಕ ಎಂದಿದೆ,
ಒತ್ತು ಇನ್ನೂ ಬಂದಿಲ್ಲ.